ಹಳದಿ ಆಣೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಬ್ರಿಟಿಷ್ ಭಾರತದ ಟಂಕಸಾಲೆಗಳು ನಿಕ್ಕಲ್ ಬೆರೆತ ಹಿತ್ತಾಳೆಯಲ್ಲಿ ಅಚ್ಚು ಹಾಕಿದ ಅರ್ಧಾಣೆ, ಒಂದಾಣೆ ಮತ್ತು ಎರಡಾಣೆ ನಾಣ್ಯಗಳು. ಅದಕ್ಕೆ ಮೊದಲು ಆಣೆಯ ಬಣ್ಣ ಬಿಳಿ. ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ಯುದ್ಧಸಾಮಗ್ರಿಗೆ ನಿಕ್ಕಲ್ ಬೇಕಾದಾಗ ನಾಣ್ಯದಲ್ಲಿ ಅದರ ಪಾಲನ್ನು ಶೇ. 1ಕ್ಕೆ ಇಳಿಸಿ ಸತುವು ಸೇರಿಸಲಾಯಿತು. 1946ರಲ್ಲಿ ಬಿಳಿ ಆಣೆ ಮರಳಿತು.

ಈ ಆಣೆಗಳು ಸಿಗುವ, ಈಗ ತೆಲಂಗಾಣದಲ್ಲಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಗದ್ವಾಲ ತಾಲೂಕು 1956ರವರೆಗೂ ರಾಯಚೂರು ಜಿಲ್ಲೆಯಲ್ಲಿತ್ತು. ಸಂಸ್ಥಾನದ ಹಣ ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ. ಸುಮಾರಾಗಿ ಆರು ಕಲ್ದಾರ ರೂಪಾಯಿಗೆ ಏಳು ಹಾಲಿ. ಹೀಗಾಗಿ ಈ ಭಾಗದ ಹಳೆಯ ಪೆಟ್ಟಿಗೆಗಳಲ್ಲಿ ಎರಡೂ ಬಗೆಯವು ಬೆರೆತು ಸಿಗುತ್ತವೆ. ಮೊದಲು ನೋಡಬೇಕಾದದ್ದು ಲಿಪಿ ಮತ್ತು ಚಿತ್ರ. ಚಾರ್‌ಮಿನಾರ್ ಅಥವಾ ಬರೀ ಉರ್ದು-ಫಾರ್ಸಿ ಬರಹವಿದ್ದರೆ ಅದು ನಿಜಾಮರದು. ಆರನೆಯ ಜಾರ್ಜ್‌ನ ಕಿರೀಟಧಾರಿ ತಲೆ ಇದ್ದರೆ ಕಲ್ದಾರ.

ಒಂದಾಣೆಯ ಅಂಚು ಹೂದಳದಂತೆ ಬಾಗಿದ್ದು, ತೂಕ 3.89 ಗ್ರಾಂ. ಎರಡಾಣೆ ಮೂಲೆ ಉರುಟಾದ ಚೌಕ, 5.83 ಗ್ರಾಂ, ಅದರ ಹಿಂಬದಿಯಲ್ಲಿ ಬೆಲೆ ತೆಲುಗಿನಲ್ಲಿಯೂ ಇದೆ. ಅರ್ಧಾಣೆಯೂ ಚೌಕವೇ, 2.92 ಗ್ರಾಂ. ಇಸವಿ 1942–45ರೊಳಗೆ ಇದ್ದರೆ ಹಳದಿ ಬಣ್ಣದಲ್ಲಿ ಅಪರೂಪವೇನೂ ಇಲ್ಲ.

ಇಸವಿ ಬೇರೆಯಾಗಿದ್ದರೆ ಅನುಮಾನಿಸಬೇಕು. ಹಾರಕ್ಕೆ ಪೋಣಿಸಲು ಅಕ್ಕಸಾಲಿಗರಿಂದ ಗಿಲೀಟು ಮಾಡಿಸಿದ ನಾಣ್ಯಗಳುಂಟು. ರಾಜನ ಕೆನ್ನೆ, ಕಿರೀಟದ ತುದಿ, ಅಂಚು, ಈ ಸವೆದ ಜಾಗಗಳಲ್ಲಿ ಬಿಳಿ ಇಣುಕಿದರೆ ಅದು ಗಿಲೀಟು. ಕೊಂಡಿ ಬೆಸೆದ ಗುರುತೂ ಸುಳಿವು ಕೊಡುತ್ತದೆ. ಹಿತ್ತಾಳೆ ಆಣೆ ಒಳಗೂ ಹೊರಗೂ ಒಂದೇ ಬಣ್ಣ. ಹುಣಸೆಹಣ್ಣಿನಿಂದ ತಿಕ್ಕಿದರೆ ಹಿತ್ತಾಳೆಯ ಮೇಲೆ ತಾಮ್ರದ ಕೆಂಪು ಛಾಯೆ ಮೂಡುವುದುಂಟು; ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆಯಿಲ್ಲ. ಆಯಸ್ಕಾಂತಕ್ಕೆ ಬಿಳಿ ಆಣೆಯಾಗಲಿ ಹಳದಿಯಾಗಲಿ ಅಂಟದು. ಅಂಟುವುದು 1947ರ ಶುದ್ಧ ನಿಕ್ಕಲ್ ರೂಪಾಯಿ.

ಹನುಮಂತ ಅಥವಾ ರಾಮ ಪರಿವಾರದ ಚಿತ್ರವಿದ್ದು ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಕೊರೆದ ಹಿತ್ತಾಳೆ, ತಾಮ್ರದ ಬಿಲ್ಲೆಗಳು ನಾಣ್ಯವೇ ಅಲ್ಲ. ಅಂಥವನ್ನು ಕಂಪನಿ ಟಂಕಿಸಲಿಲ್ಲ. ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಅಕ್ಕಿ ಎಳೆಯುವ ಶಕ್ತಿಯಿದೆಯೆಂದು ಲಕ್ಷಾಂತರ ರೂಪಾಯಿ ಕೇಳುವುದು ಶುದ್ಧ ಮೋಸ.

ಹೊಲ ಉಳುವಾಗ, ಪಾಯ ತೋಡುವಾಗ ಹುದುಗಿದ ನಾಣ್ಯಗಳು ಸಿಕ್ಕಿ, ಅವುಗಳ ಬೆಲೆ ಹತ್ತು ರೂಪಾಯಿ ಮೀರಿದರೆ, 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸುವುದು ಕಡ್ಡಾಯ.