ಒಂದು ಬಟ್ಟಲು ಹಸಿರು ಚಹಾದ ಹಿಂದಿನ ಕಥೆ

ಬೆಂಗಳೂರು-ಮೈಸೂರಿನ ಕಡೆಯವರಿಗೆ ಅದು ‘ಟೀ’, ಹುಬ್ಬಳ್ಳಿ-ಧಾರವಾಡದವರಿಗೆ ‘ಚಹಾ’, ಮಂಗಳೂರು-ಉಡುಪಿಯವರಿಗೆ ‘ಚಾ’. ಯಾವುದು ಸರಿಯೆಂದು ನಮ್ಮ ಕೂಟದ ಊಟದ ಪಂಕ್ತಿಯಲ್ಲಿ ತಮಾಷೆಯ ವಾದ ನಡೆಯುವುದುಂಟು. ನಿಜವಾಗಿ ನೋಡಿದರೆ ಎಲ್ಲವೂ ಚೀನದ ಮಾತುಗಳೇ. ಫುಜಿಯನ್ ಕರಾವಳಿಯವರ ‘ಟೆ’ ಎಂಬ ಉಚ್ಚಾರಣೆಯನ್ನು ಡಚ್ ವರ್ತಕರು ಯುರೋಪಿಗೆ ಒಯ್ದರು. ಅದೇ ಇಂಗ್ಲಿಷರ ಬಾಯಲ್ಲಿ ಟೀ ಆಗಿ ನಮ್ಮಲ್ಲಿಗೆ ಬಂತು. ಚೀನದ ಬೇರೆ ಕಡೆಗಳ ‘ಚಾ’ ಉಳಿದ ಏಷ್ಯಾಕ್ಕೆಲ್ಲ ಹಬ್ಬಿತು. ಜಪಾನೀಯರೂ ಹೇಳುವುದು ‘ಚಾ’ ಎಂದೇ. ಈ ಮಟ್ಟಿಗೆ ಮಂಗಳೂರಿನವರಿಗೇ ಜಯ!

ಈಚೆಗೆ ನಾವು ಕೆಲವು ಕುಟುಂಬದವರು ಮಾರಿಸ್‌ಟೌನ್ ನಿಲ್ದಾಣದಲ್ಲಿ ರೈಲು ಹತ್ತಿ ಮ್ಯಾನ್‌ಹಟನ್ನಿಗೆ ಹೋಗಿ, ಈಸ್ಟ್ ವಿಲೇಜಿನ ಸಾಂಪ್ರದಾಯಿಕ ಜಪಾನೀ ಚಹಾ ಮನೆಯೊಂದರಲ್ಲಿ ಕುಳಿತು ಬಂದೆವು. ಅಲ್ಲಿ ಮೊದಲು ಬರುವುದು ಚಹಾ ಅಲ್ಲ, ಸಿಹಿ. ಹೆಬ್ಬೆರಳ ಗಾತ್ರದ ಆ ಸಿಹಿಯೊಳಗೆ ಕೆಂಪು ಕಾಳನ್ನು ಬೇಯಿಸಿ, ರುಬ್ಬಿ, ಸಕ್ಕರೆ ಬೆರೆಸಿದ ಹೂರಣ. ಬೆಲ್ಲ ಮತ್ತು ಏಲಕ್ಕಿ ಇಲ್ಲವೆಂಬುದನ್ನು ಬಿಟ್ಟರೆ ನಮ್ಮ ಹೋಳಿಗೆಯ ಹೂರಣದ ದಾಯಾದಿಯೇ ಸರಿ. ಅದನ್ನು ತಿಂದು ಮುಗಿಸಿದ ಮೇಲೆ ಅಗಲ ಬಾಯಿಯ ಬಟ್ಟಲಿನಲ್ಲಿ ‘ಮಚ್ಚಾ’ ಬರುತ್ತದೆ. ನೆರಳಿನಲ್ಲಿ ಬೆಳೆಸಿದ ಎಲೆಯನ್ನು ಬೀಸುಕಲ್ಲಿನಲ್ಲಿ ನುಣ್ಣಗೆ ಬೀಸಿ, ಬಿಸಿನೀರು ಹಾಕಿ, ಬಿದಿರಿನ ಪುಟ್ಟ ಕಡೆಗೋಲಿನಿಂದ ನೊರೆ ಬರುವಂತೆ ಕಡೆದದ್ದು. ಸೋಸುವ ಮಾತಿಲ್ಲ, ಎಲೆಯನ್ನೇ ಕುಡಿಯುವುದು. ಸಿಹಿಯ ಹಿಂದೆಯೇ ಕಹಿ. ಜೊತೆಗಿದ್ದ ಹಿರಿಯರೊಬ್ಬರು, “ಇದು ಇವರ ಬೇವು-ಬೆಲ್ಲ” ಎಂದರು. ಮಕ್ಕಳ ಪ್ರಶ್ನೆ ಮಾತ್ರ ನೇರವಾಗಿತ್ತು: “ಇದಕ್ಕೆ ಹಾಲು, ಸಕ್ಕರೆ ಯಾಕೆ ಹಾಕಲ್ಲ?” ಇದಕ್ಕೆ ಉತ್ತರ ಹುಡುಕಹೊರಟರೆ ನಾವು ನೆಲೆಸಿರುವ ಈ ನಾಡಿನ ಇತಿಹಾಸವೇ ಎದುರಾಗುತ್ತದೆ.

ಕಪ್ಪು ಚಹಾ, ಹಸಿರು ಚಹಾ ಎರಡೂ ಒಂದೇ ಗಿಡದ ಎಲೆ. ಕಿತ್ತ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಕೂಡಲೇ ಹಬೆಯಲ್ಲಿ ಬೇಯಿಸಿ ಒಣಗಿಸಿದರೆ ಹಸಿರಾಗಿಯೇ ಉಳಿಯುತ್ತದೆ. ಜಪಾನಿನಲ್ಲಿ ಚಹಾ ಬೆಳೆದದ್ದು ಬೌದ್ಧ ಮಠಗಳ ಆಸರೆಯಲ್ಲಿ. 1191ರಲ್ಲಿ ಚೀನದಿಂದ ಮರಳಿದ ಐಸಾಯ್ ಎಂಬ ಭಿಕ್ಷು ಚಹಾ ಬೀಜಗಳನ್ನು ತಂದು ಬಿತ್ತಿಸಿದ. 1211ರಲ್ಲಿ ಚಹಾದ ಗುಣಗಳ ಬಗ್ಗೆ ಪುಸ್ತಕವನ್ನೂ ಬರೆದ. ಅವನು ಹರಡಿದ ಪಂಥದ ಹೆಸರು ಝೆನ್. ನಮ್ಮ ‘ಧ್ಯಾನ’ ಚೀನದಲ್ಲಿ ‘ಚಾನ್’ ಆಗಿ, ಜಪಾನಿನಲ್ಲಿ ‘ಝೆನ್’ ಆಯಿತು. ಆ ಪಂಥದ ಮೂಲಪುರುಷ ಬೋಧಿಧರ್ಮ ದಕ್ಷಿಣ ಭಾರತದವನೆಂದು ಪ್ರತೀತಿ. ಧ್ಯಾನದ ನಡುವೆ ನಿದ್ದೆ ಬಂದಿತೆಂದು ಅವನು ತನ್ನ ಕಣ್ಣುರೆಪ್ಪೆಗಳನ್ನೇ ಕತ್ತರಿಸಿ ಎಸೆದನಂತೆ, ಅವು ಬಿದ್ದಲ್ಲಿ ಚಹಾ ಗಿಡ ಹುಟ್ಟಿತಂತೆ. 16ನೇ ಶತಮಾನದಲ್ಲಿ ಸೆನ್ ನೊ ರಿಕ್ಯು (1522–1591) ಎಂಬಾತ ಸಣ್ಣ ಕೋಣೆ, ಒರಟು ಬಟ್ಟಲು, ಕಡಿಮೆ ಮಾತು ಎಂದು ಚಹಾಕೂಟಕ್ಕೆ ಒಂದು ಶಿಸ್ತು ತಂದ. ನಾವು ಕಂಡ ಚಹಾ ಮನೆಯ ರೀತಿನೀತಿಗೆ ಬುನಾದಿ ಅದೇ.

ಇನ್ನು ಅಮೆರಿಕದ ಮಾತು. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ನೀರಿಗೆ ಬಿದ್ದ ಚಹಾ ಪೆಟ್ಟಿಗೆಗಳ ಕಥೆ ನಮ್ಮ ಮಕ್ಕಳಿಗೆ ಶಾಲೆಯಲ್ಲೇ ಗೊತ್ತು. ಆ ಪೆಟ್ಟಿಗೆಗಳಲ್ಲಿ ಸುಮಾರು ಐದನೇ ಒಂದು ಭಾಗ ಚೀನದ ಹಸಿರು ಚಹಾ ಎಂಬುದು ಎಲ್ಲರಿಗೂ ತಿಳಿದಿರಲಾರದು. ಮರುವರ್ಷ, 1774ರ ಡಿಸೆಂಬರ್ 22ರಂದು, ನಮ್ಮ ನ್ಯೂಜೆರ್ಸಿಯ ಕಂಬರ್‌ಲ್ಯಾಂಡ್ ಕೌಂಟಿಯ ಗ್ರೆನಿಚ್ ಎಂಬ ಹಳ್ಳಿಯವರೂ ಹಡಗಿನಿಂದ ಇಳಿಸಿ ಬಚ್ಚಿಟ್ಟಿದ್ದ ಚಹಾವನ್ನು ಹೊರಗೆಳೆದು ಸುಟ್ಟರು. 

ಸ್ವಾತಂತ್ರ್ಯ ಬಂದ ಮೇಲೆ ಜನ ಚಹಾ ಬಿಡಲಿಲ್ಲ. 1859ರಲ್ಲಿ ಯೊಕೊಹಾಮಾ ಬಂದರು ವಿದೇಶೀ ವ್ಯಾಪಾರಕ್ಕೆ ತೆರೆದದ್ದೇ ತಡ, ಜಪಾನಿನ ಹಸಿರು ಚಹಾ ಇಲ್ಲಿಗೆ ಹರಿದು ಬಂತು. ಜಪಾನಿನಿಂದ ಹೊರಹೋಗುತ್ತಿದ್ದ ಸರಕುಗಳಲ್ಲಿ ರೇಷ್ಮೆಯ ನಂತರದ ಸ್ಥಾನ ಚಹಾದ್ದು; ಅದರ ದೊಡ್ಡ ಗಿರಾಕಿ ಅಮೆರಿಕ. ಇಲ್ಲಿಯವರು ಆ ಹಸಿರು ಚಹಾಕ್ಕೆ ಹಾಲು, ಸಕ್ಕರೆ ಬೆರೆಸಿಯೇ ಕುಡಿಯುತ್ತಿದ್ದರು! ನಮ್ಮ ಮಕ್ಕಳ ಪ್ರಶ್ನೆ ನೂರೈವತ್ತು ವರ್ಷ ಹಿಂದಿನ ಅಮೆರಿಕನ್ನರಿಗೆ ತೀರಾ ಸಹಜವೆನಿಸುತ್ತಿತ್ತು. ಬಣ್ಣ ಕಣ್ಣಿಗೆ ಹೊಡೆಯಲೆಂದು ವರ್ತಕರು ಎಲೆಗೆ ನೀಲಿ ಬಣ್ಣದ ರಾಸಾಯನಿಕವನ್ನೂ ಸವರುತ್ತಿದ್ದರು. ಕಲಬೆರಕೆ ತಡೆಯಲು 1897ರಲ್ಲಿ ಕಾನೂನು ಬಂದು, ಬಂದರಿಗೆ ಬಂದ ಚಹಾವನ್ನು ಸರ್ಕಾರದ ಪರೀಕ್ಷಕರು ರುಚಿ ನೋಡುವ ಪದ್ಧತಿ ಆರಂಭವಾಯಿತು. ಈ ಸರ್ಕಾರಿ ಚಹಾ ನಾಲಿಗೆಗಳು ನಿವೃತ್ತಿಯಾದದ್ದು 1996ರಲ್ಲಿ.

ಹಾಗಾದರೆ ಹಸಿರು ಚಹಾ ಇಲ್ಲಿಂದ ಮರೆಯಾದದ್ದೇಕೆ? ಅದರಲ್ಲಿ ನಮ್ಮ ದೇಶದ ಪಾಲೂ ಇದೆ. ಭಾರತ ಮತ್ತು ಸಿಲೋನಿನ ತೋಟಗಳ ಬ್ರಿಟಿಷ್ ಮಾಲೀಕರು 1893ರ ಷಿಕಾಗೋ ಮೇಳದಲ್ಲಿ ಕಪ್ಪು ಚಹಾದ ಪ್ರಚಾರಕ್ಕೆ ನಿಂತರು. ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದೂ ಅದೇ ವರ್ಷ, ಅದೇ ಮೇಳದ ಅಂಗವಾಗಿ. ನಮ್ಮದು ಯಂತ್ರದಲ್ಲಿ ತಯಾರಾದ ಶುದ್ಧ ಚಹಾ, ಅವರದ್ದು ಬೆವರುವ ಕೈಗಳಲ್ಲಿ ಹೊಸಕಿದ್ದು ಎಂಬ ಧಾಟಿಯ ಜಾಹೀರಾತುಗಳು ದಶಕಗಳ ಕಾಲ ನಡೆದವು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಬಟ್ಟಲು ಕಪ್ಪಾಗಿತ್ತು. ಇತ್ತ ಗಿರಾಕಿ ಕಳೆದುಕೊಂಡ ಜಪಾನ್ ತನ್ನ ಜನರಿಗೇ ಚಹಾ ಮಾರತೊಡಗಿತು. ಇಂದು ಜಪಾನಿನ ಮನೆಮನೆಯಲ್ಲೂ ಕುಡಿಯುವ ‘ಸೆಂಚಾ’ ಅಷ್ಟು ವ್ಯಾಪಕವಾದದ್ದರಲ್ಲಿ ಈ ಸೋಲಿನ ಪಾತ್ರವೂ ಉಂಟು.

ಚಹಾದ ಕಥೆ ಇಷ್ಟಾದರೆ, ಚಹಾ ಮನೆ ನಡೆಸಿದವರ ಕಥೆ ಇನ್ನೂ ಗಂಭೀರವಾದದ್ದು. 1894ರ ಮೇಳಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಪಾನೀ ಚಹಾ ತೋಟವೊಂದು ತಲೆಯೆತ್ತಿತು. ಮೇಳ ಮುಗಿದ ಮೇಲೆ ಮಕೊಟೊ ಹಾಗಿವಾರಾ ಮತ್ತು ಅವರ ಕುಟುಂಬ ದಶಕಗಳ ಕಾಲ ಅದನ್ನು ಬೆಳೆಸಿ ಕಾಪಾಡಿತು. 1906ರಲ್ಲಿ ಒಕಾಕುರಾ ಕಕುಜೊ ಅವರು ಚಹಾದ ಬಗ್ಗೆ ಇಂಗ್ಲಿಷಿನಲ್ಲೇ ಬರೆದ ಪುಸ್ತಕ ನ್ಯೂಯಾರ್ಕಿನಲ್ಲಿ ಪ್ರಕಟವಾಗಿ ಮನೆಮಾತಾಯಿತು. ಅದಕ್ಕೆ ನಾಲ್ಕು ವರ್ಷ ಮೊದಲು ಅವರು ಕಲ್ಕತ್ತೆಯಲ್ಲಿ ಠಾಕೂರರ ಮನೆತನದ ಅತಿಥಿಯಾಗಿದ್ದವರು. ಆದರೆ 1942ರಲ್ಲಿ ಎಲ್ಲವೂ ತಿರುಗಿಬಿತ್ತು. ಸರ್ಕಾರದ ಆಜ್ಞೆಯಂತೆ ಸುಮಾರು 1,20,000 ಜಪಾನೀ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಲ್ಲಿಟ್ಟರು. ಮೂರರಲ್ಲಿ ಎರಡು ಪಾಲು ಜನ ಇಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆಗಳು. ಹಾಗಿವಾರಾ ಕುಟುಂಬವೂ ತೋಟ ಬಿಟ್ಟು ಹೋಗಬೇಕಾಯಿತು. ತೋಟದ ಹೆಸರಿನಿಂದ ‘ಜಪಾನೀ’ ಎಂಬ ಪದವನ್ನೇ ಅಳಿಸಿದರು. ಅದು ಮರಳಿದ್ದು 1952ರಲ್ಲಿ. 

ಶಿಬಿರಗಳಿಂದ ಹೊರಬಂದವರಲ್ಲಿ ಸುಮಾರು 2,500 ಮಂದಿ 1944ರಿಂದ ಮುಂದೆ ನಮ್ಮ ರಾಜ್ಯದ ಸೀಬ್ರೂಕ್‌ನಲ್ಲಿ ತರಕಾರಿ ಶೈತ್ಯೀಕರಿಸುವ ಕಾರ್ಖಾನೆಯ ಕೆಲಸಕ್ಕೆ ಬಂದರು. ಸೀಬ್ರೂಕ್ ಇರುವುದು ಚಹಾ ಸುಟ್ಟ ಗ್ರೆನಿಚ್ ಇರುವ ಅದೇ ಕಂಬರ್‌ಲ್ಯಾಂಡ್ ಕೌಂಟಿಯಲ್ಲಿ! ಆಸ್ತಿ ಕಳೆದುಕೊಂಡು ಬಂದವರು 1945ರಲ್ಲೇ ಒಂದು ಬೌದ್ಧ ಮಂದಿರ ಕಟ್ಟಿಕೊಂಡರು. ಪಿತೃಗಳನ್ನು ನೆನೆಯುವ ಓಬೋನ್ ಹಬ್ಬದ ಕುಣಿತವನ್ನು ಮಕ್ಕಳಿಗೆ ಕಲಿಸಿದರು. ಸರ್ಕಾರ ತಪ್ಪೊಪ್ಪಿಕೊಂಡು ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡಲು ಕಾನೂನು ಮಾಡಿದ್ದು 1988ರಲ್ಲಿ.

ಅಂಗಡಿ, ಮನೆ, ತೋಟಗಳನ್ನು ಒಂದು ಕಾಗದದಿಂದ ಕಿತ್ತುಕೊಳ್ಳಬಹುದು. ಕೈಗೆ ಹತ್ತಿದ ವಿದ್ಯೆಯನ್ನು ಹಾಗೆ ಕಿತ್ತುಕೊಳ್ಳಲಾಗದು. ಅದು ಹೋಗುವುದು ನಾವೇ ಕಲಿಸದೆ ಬಿಟ್ಟಾಗ. ಹೊರನಾಡಿನಲ್ಲಿರುವ ನಮಗೆ ಈ ಇತಿಹಾಸ ಹೇಳುವ ಪಾಠ ಇದೇ ಎಂದು ತೋರುತ್ತದೆ.

ಇದಕ್ಕೆ ಸಿಹಿಯಾದ ಒಂದು ಉದಾಹರಣೆಯಿದೆ. ಜಪಾನೀಯರಲ್ಲಿ ‘ಕೊಂಪೇಯ್ತೊ’ ಎಂಬ ಸಕ್ಕರೆ ಕಾಳುಗಳಿವೆ; ಮೈಮೇಲೆ ಪುಟ್ಟ ಪುಟ್ಟ ಮುಳ್ಳು. 1569ರಲ್ಲಿ ಲೂಯಿಸ್ ಫ್ರೋಯಿಸ್ ಎಂಬ ಪೋರ್ಚುಗೀಸ್ ಪಾದ್ರಿ ದೊರೆ ಓಡಾ ನೊಬುನಾಗನಿಗೆ ಇದನ್ನು ಗಾಜಿನ ಸೀಸೆಯಲ್ಲಿ ಕಾಣಿಕೆ ಕೊಟ್ಟ. ಎಳ್ಳಿನ ಕಾಳಿಗೆ ಪಾಕ ಹತ್ತಿಸಿ ಇದನ್ನು ಮಾಡುವ ಬಗೆ 1688ರ ಸೈಕಾಕುವಿನ ಕಥೆಯೊಂದರಲ್ಲಿ ಬರುತ್ತದೆ. ಓದುಗರು ಆಗಲೇ ಊಹಿಸಿರಬೇಕು: ಇದು ನಮ್ಮ ಸಂಕ್ರಾಂತಿಯ ಕುಸುರೆಳ್ಳು! ಅವರಲ್ಲಿ ಮರದ ಅಚ್ಚುಗಳಲ್ಲಿ ಒತ್ತಿ ತೆಗೆಯುವ ಸಕ್ಕರೆ ಹೂವು, ಮೀನುಗಳೂ ಇವೆ. ನಮ್ಮಲ್ಲಿ ಸಕ್ಕರೆ ಅಚ್ಚು ಇದ್ದ ಹಾಗೆ.

ಅವರ ಅಚ್ಚುಗಳು ಇಂದಿಗೂ ಕೆಲಸ ಮಾಡುತ್ತಿವೆ. ನಮ್ಮವು ಊರಿನ ಅಟ್ಟದಲ್ಲಿವೆ, ಇಲ್ಲವೇ ಇಲ್ಲಿಯ ಬೇಸ್‌ಮೆಂಟಿನ ಪೆಟ್ಟಿಗೆಯಲ್ಲಿವೆ. ಬರುವ ಸಂಕ್ರಾಂತಿಗೆ ಪೊಟ್ಟಣದ ಎಳ್ಳು-ಬೆಲ್ಲ ತರುವ ಬದಲು ಯಾರ ಮನೆಯಲ್ಲಿ ಮರದ ಅಚ್ಚುಗಳಿವೆಯೋ ಅವರು ದಯವಿಟ್ಟು ಕೂಟಕ್ಕೆ ತರಬೇಕು. ಪಾಕದ ಹದ ಬಲ್ಲ ಅಮ್ಮಂದಿರು, ಅಜ್ಜಿಯರು ಮುಂದೆ ನಿಂತು ಹೇಳಿಕೊಡಲಿ; ಅಚ್ಚಿಗೆ ಪಾಕ ಸುರಿಯುವಾಗ ಮಕ್ಕಳು ಪಕ್ಕದಲ್ಲೇ ಇರಲಿ. ಜೊತೆಗೆ ಕುಡಿಯಲು ಟೀಯೋ, ಚಹಾವೋ, ಚಾವೋ, ಅವರವರ ಇಷ್ಟ.