ಔಷಧ ತಾಳೆ

ಔಷಧ ತಾಳೆ: ರೋಗಿ ನಿಜವಾಗಿ ನುಂಗುತ್ತಿರುವ ಔಷಧಗಳನ್ನೆಲ್ಲ ಒಂದು ಪಟ್ಟಿಗೆ ತಂದು, ವೈದ್ಯರು ಬರೆದುಕೊಟ್ಟ ಚೀಟಿಗಳೊಂದಿಗೆ ಹೋಲಿಸಿ, ಕಂಡುಬಂದ ವ್ಯತ್ಯಾಸವನ್ನು ವೈದ್ಯರಿಂದಲೇ ಇತ್ಯರ್ಥ ಮಾಡಿಸಿ, ತಿದ್ದಿದ ಪಟ್ಟಿಯನ್ನು ರೋಗಿಯ ಕೈಗೆ ಮರಳಿಸುವ ಕ್ರಮ. ವೈದ್ಯಕೀಯ ಭಾಷೆಯಲ್ಲಿ ಇದು ಮೆಡಿಕೇಷನ್ ರಿಕನ್ಸಿಲಿಯೇಷನ್. ಅಂಗಡಿಯವರು ಖಾತೆ ತಾಳೆ ನೋಡುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಆದರೆ ಇಲ್ಲಿ ಖಾತೆ ನಾಲ್ಕು ಕಡೆ ಹಂಚಿಹೋಗಿರುತ್ತದೆ. ಮನೆಗೆ ಬರುವ ನರ್ಸ್ ಗುಳಿಗೆಗಳನ್ನು ನೋಡುತ್ತಾರೆ, ಬರೆದ ಕಾರಣ ವೈದ್ಯರಿಗೆ ಗೊತ್ತಿರುತ್ತದೆ, ಕೊಟ್ಟ ಸರಕು ಫಾರ್ಮಸಿಸ್ಟರಿಗೆ ಗೊತ್ತಿರುತ್ತದೆ, ನುಂಗಿದ್ದು ಮಾತ್ರ ರೋಗಿಗೊಬ್ಬರಿಗೇ ಗೊತ್ತು.

ಚೀಟಿಗಳು ಬರುವ ದಾರಿ: ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳಲ್ಲಿ ಈ ಕೆಲಸ ಕಠಿಣವಾಗಲು ಮೊದಲ ಕಾರಣ ಭೂಗೋಳ. ಸಿಂದಗಿ ಪಟ್ಟಣ ವಿಜಯಪುರ–ಕಲಬುರಗಿ ಹೆದ್ದಾರಿಯ ಮೇಲಿದೆ. ಪಶ್ಚಿಮಕ್ಕೆ ಸುಮಾರು 60 ಕಿ.ಮೀ. ಹೋದರೆ ವಿಜಯಪುರದ ಜಿಲ್ಲಾ ಆಸ್ಪತ್ರೆ ಮತ್ತು ಬಿಎಲ್‌ಡಿಇ, ಅಲ್ ಅಮೀನ್ ವೈದ್ಯಕೀಯ ಕಾಲೇಜುಗಳು. ಇನ್ನೊಂದು ದಿಕ್ಕಿಗೆ ಕಲಬುರಗಿ. ಇಂಡಿಯವರಿಗೆ ಇಂಡಿ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸೊಲ್ಲಾಪುರ. ಮುದ್ದೇಬಿಹಾಳದವರಿಗೆ ಬಾಗಲಕೋಟೆಯೂ ಉಂಟು. ಹೀಗಾಗಿ ಒಬ್ಬರೇ ಹಿರಿಯರ ಬಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ಬಿಪಿ ಗುಳಿಗೆ, ವಿಜಯಪುರದ ಹೃದಯ ತಜ್ಞರ ಚೀಟಿ, ರಾಜ್ಯದಾಚೆಯ ಆಸ್ಪತ್ರೆಯ ಬಿಡುಗಡೆ ಪತ್ರ, ಊರಿನ ‘ಮೆಡಿಕಲ್’ನಿಂದ ತಂದ ನೋವಿನ ಗುಳಿಗೆ ಎಲ್ಲವೂ ಒಂದೇ ಕೈಚೀಲದಲ್ಲಿ ಸಿಗುವುದು ಅಪರೂಪವಲ್ಲ. ಈ ದವಾಖಾನೆಗಳು ಒಂದಕ್ಕೊಂದು ಮಾತಾಡುವುದಿಲ್ಲ. ಅವುಗಳ ನಡುವೆ ಓಡಾಡುವುದು ಆ ಚೀಲ ಒಂದೇ. ಸುಗ್ಗಿ ಮುಗಿದ ಮೇಲೆ ಮಹಾರಾಷ್ಟ್ರಕ್ಕೋ ಗೋವಾಕ್ಕೋ ದುಡಿಯಲು ಹೋಗುವ ಕುಟುಂಬಗಳಲ್ಲಿ ಚೀಲಕ್ಕೆ ಮತ್ತೊಂದು ಊರಿನ ಚೀಟಿ ಸೇರುತ್ತದೆ.

ತಪ್ಪುಗಳ ಸ್ವರೂಪ: ಅತಿ ಸಾಮಾನ್ಯವಾದದ್ದು ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ನುಂಗುವುದು. ಸರ್ಕಾರಿ ಕೇಂದ್ರದ ಗುಳಿಗೆ ದ್ರವ್ಯದ ಹೆಸರಿನಲ್ಲಿ ಬರುತ್ತದೆ, ಖಾಸಗಿ ಚೀಟಿಯಲ್ಲಿ ಕಂಪನಿಯ ಹೆಸರಿರುತ್ತದೆ. ಕೇಂದ್ರದಲ್ಲಿ ದಾಸ್ತಾನು ಮುಗಿದ ತಿಂಗಳು ಅಂಗಡಿಯಲ್ಲಿ ಕೊಂಡ ರೋಗಿ, ಮರುತಿಂಗಳು ಕೇಂದ್ರದಲ್ಲಿ ಸಿಕ್ಕಾಗ ಎರಡನ್ನೂ ಮುಂದುವರಿಸುತ್ತಾರೆ. ಒಂದು ಬಿಳಿ, ಇನ್ನೊಂದು ಕೆಂಪು. ಎರಡೂ ಒಂದೇ ಎಂದು ಅವರಿಗೆ ತಿಳಿಯುವ ಬಗೆ ಹೇಗೆ? ಕೂಡು ಗುಳಿಗೆಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಗ್ಲೈಕೋಮೆಟ್ ಜಿಪಿಯಲ್ಲಿ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಇವೆ. ಜೊತೆಗೆ ಸರ್ಕಾರಿ ಮೆಟ್‌ಫಾರ್ಮಿನ್ ಸೇರಿದರೆ ಪ್ರಮಾಣ ಏರುತ್ತದೆ. ಇಕೋಸ್ಪ್ರಿನ್ ಎವಿಯೊಳಗೆ ಆಸ್ಪಿರಿನ್ ಜೊತೆ ಅಟೊರ್ವಾಸ್ಟಾಟಿನ್ ಇರುವುದು ಹೆಸರಿನಿಂದ ಗೊತ್ತಾಗುವುದಿಲ್ಲ.

ಎರಡನೆಯದು ಹೊತ್ತಿನ ತಪ್ಪು. ಚೀಟಿಯ 1–0–1 ಎಂಬ ಗುರುತು ಮೂರು ಹೊತ್ತು ಉಣ್ಣುವ ಮನೆಯನ್ನು ಊಹಿಸಿಕೊಂಡದ್ದು. ನಸುಕಿನಲ್ಲಿ ಬರೀ ಚಹಾ ಕುಡಿದು, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಹೊಲಕ್ಕೆ ಹೋಗುವವರು ಬುತ್ತಿ ಬಿಚ್ಚುವಾಗ ಹೊತ್ತೇರಿರುತ್ತದೆ. ಗ್ಲಿಮೆಪಿರೈಡನ್ನು ಮೊದಲ ಮುಖ್ಯ ಊಟದೊಂದಿಗೇ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಸಕ್ಕರೆ ಅಂಶ ಕುಸಿದು ಬೆವರು, ನಡುಕ, ತಲೆಸುತ್ತು ಬರುತ್ತವೆ. ಬಿಸಿಲು ಹತ್ತಿತೆಂದು ಎಲ್ಲರೂ ತಿಳಿಯುತ್ತಾರೆ. ಶ್ರಾವಣ ಸೋಮವಾರದ ಉಪವಾಸ, ರಂಜಾನ್ ರೋಜಾಗಳಲ್ಲಿಯೂ ಇದೇ ಅಪಾಯ. ಆದ್ದರಿಂದ ತಾಳೆ ನೋಡುವವರು ‘ಯಾವ ಗುಳಿಗೆ’ ಎಂದು ಕೇಳಿದ ಮೇಲೆ ‘ಯಾವಾಗ ಉಣ್ಣುತ್ತೀರಿ’ ಎಂದೂ ಕೇಳಬೇಕು.

ಮೂರನೆಯದು ಔಷಧಗಳ ಜಗಳ. ಟೆಲ್ಮಿಸಾರ್ಟನ್‌ನಂಥ ರಕ್ತದೊತ್ತಡದ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಮೂರೂ ಕೂಡಿದರೆ ಮೂತ್ರಪಿಂಡಕ್ಕೆ ಪೆಟ್ಟು. ವಿಜಯಪುರದ ಬೇಸಗೆಯಲ್ಲಿ ಮೈಯ ನೀರು ಆರಿದವರಿಗೆ ಇದು ಇನ್ನೂ ಬೇಗ. ಮೊದಲೆರಡು ಚೀಟಿಯಲ್ಲಿರುತ್ತವೆ, ಮೂರನೆಯದು ಯಾವ ಚೀಟಿಯಲ್ಲೂ ಇರುವುದಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಗ್ಲಿಮೆಪಿರೈಡಿನ ಬಲ ಕುಗ್ಗಿಸುತ್ತದೆ ಎಂದು ವೈದ್ಯರು ಸಕ್ಕರೆ ಗುಳಿಗೆಯ ಪ್ರಮಾಣ ಏರಿಸುವುದುಂಟು. ಆರು ತಿಂಗಳ ಚಿಕಿತ್ಸೆ ಮುಗಿದಾಗ ರಿಫಾಂಪಿಸಿನ್ ನಿಲ್ಲುತ್ತದೆ, ಏರಿಸಿದ್ದನ್ನು ಇಳಿಸುವುದು ಮರೆತುಹೋಗುತ್ತದೆ. ಕ್ಷಯದ ಖಾತೆ ಬೇರೆ, ಸಕ್ಕರೆ ಕಾಯಿಲೆಯ ಖಾತೆ ಬೇರೆ ಎಂಬುದೇ ಕಾರಣ. ಥೈರಾಯ್ಡಿನ ಲೀವೋಥೈರಾಕ್ಸಿನ್ ಜೊತೆಗೆ ಕಬ್ಬಿಣಾಂಶ ಅಥವಾ ಕ್ಯಾಲ್ಸಿಯಂ ಗುಳಿಗೆ ನುಂಗಬಾರದು, ನಾಲ್ಕು ತಾಸು ಅಂತರ ಬೇಕು ಎನ್ನುವಂಥವು ಸಣ್ಣವು, ಮಾತಿನಲ್ಲೇ ಸರಿಯಾಗುವಂಥವು.

ಯಾರ ಕೆಲಸ ಎಷ್ಟು: ಗ್ರಾಮೀಣ ಕರ್ನಾಟಕದಲ್ಲಿ ‘ಮನೆ ನರ್ಸ್’ ಎಂದರೆ ಬಹುಮಟ್ಟಿಗೆ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಹಿಂದೆ ಎಎನ್‌ಎಂ ಎನಿಸಿಕೊಳ್ಳುತ್ತಿದ್ದ ಸಿಬ್ಬಂದಿ, ಬಾಗಿಲವರೆಗೆ ದಾರಿ ತೋರುವವರು ಆಶಾ ಕಾರ್ಯಕರ್ತೆಯರು. 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯನ್ನೂ ಗುಳಿಗೆಯನ್ನೂ ಮನೆಗೇ ಒಯ್ಯುವ ಉದ್ದೇಶದ್ದು. ಗುಳಿಗೆ ಮನೆಗೆ ಒಯ್ಯುವವರು, ಮನೆಯಲ್ಲಿ ಮೊದಲೇ ಇರುವ ಗುಳಿಗೆಗಳನ್ನು ನೋಡದೆ ಬಂದರೆ ಯೋಜನೆಯೇ ದ್ವಿಗುಣ ಸೇವನೆಗೆ ದಾರಿಯಾದೀತು.

ನರ್ಸ್ ಪಟ್ಟಿ ಮಾಡಬಹುದು, ವೈದ್ಯರು ಹೇಳಿದ್ದನ್ನು ಮುಂದುವರಿಸಿ ಕೊಡಬಹುದು, ಪ್ರಮಾಣ ಬದಲಿಸುವಂತಿಲ್ಲ. ಫಾರ್ಮಸಿಸ್ಟರ ಕೈಯನ್ನೂ ಕಾನೂನು ಕಟ್ಟಿದೆ. 1945ರ ಔಷಧ ನಿಯಮಗಳ ಪ್ರಕಾರ ಎಚ್ ಅನುಸೂಚಿಯ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ, ಔಷಧಕ್ಕೆ ಬದಲಾಗಿ, ಒಳಗಿನ ದ್ರವ್ಯ ಅದೇ ಆಗಿದ್ದರೂ, ಬೇರೆ ತಯಾರಿಕೆ ಕೊಡುವಂತಿಲ್ಲ. 2015ರ ಫಾರ್ಮಸಿ ಅಭ್ಯಾಸ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದನ್ನು ಅವರ ಕರ್ತವ್ಯಗಳಲ್ಲಿ ಸೇರಿಸಿವೆ. ಸಂಜೆಯ ನೂಕುನುಗ್ಗಲಿನ ಗಲ್ಲೆಯಲ್ಲಿ ಅದು ‘ಊಟ ಆದ ಮ್ಯಾಲ’ ಎಂಬ ಮೂರು ಶಬ್ದಕ್ಕೆ ಇಳಿಯುತ್ತದೆ. ಕೊನೆಗೆ ನಿರ್ಣಯ ವೈದ್ಯರದೇ. ದ್ರವ್ಯದ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲಿ ತಿದ್ದುಪಡಿ ತಂದಿತು. 2020ರ ದೂರವೈದ್ಯ ಮಾರ್ಗಸೂಚಿಗಳು ರೋಗಿಯ ಪಕ್ಕದಲ್ಲಿ ಕುಳಿತ ಆರೋಗ್ಯ ಕಾರ್ಯಕರ್ತರ ಮೂಲಕ ವೈದ್ಯರ ಸಲಹೆ ಪಡೆಯಲು ಅವಕಾಶ ಕೊಟ್ಟಿವೆ. ಮನೆಯ ಕಟ್ಟೆಯ ಮೇಲೆ ಚೀಲ ಸುರುವಿಕೊಂಡು ಕುಳಿತ ನರ್ಸ್‌ಗೆ ಇದೇ ದೊಡ್ಡ ಅನುಕೂಲ. ಪಟ್ಟಿಯನ್ನು ಯಾರು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಈ ಭಾಗದ ಮಟ್ಟಿಗೆ ಉತ್ತರ ಸಮುದಾಯ ಆರೋಗ್ಯ ಅಧಿಕಾರಿಯೇ ಆಗಬೇಕು. ತಜ್ಞರು ಬದಲಾಗುತ್ತಾರೆ, ಅಂಗಡಿ ಬದಲಾಗುತ್ತದೆ, ಮನೆ ಬದಲಾಗುವುದಿಲ್ಲ.

ಕ್ರಮ: ಮನೆಯಲ್ಲಿರುವ ಗುಳಿಗೆ, ಸಿರಪ್, ಇನ್ಸುಲಿನ್, ನಾಟಿ ಔಷಧ ಎಲ್ಲವನ್ನೂ ಮುಂದೆ ಇಡಿಸಬೇಕು, ಗೂಡು, ದೇವರ ಜಗಲಿ, ದಿಂಬಿನ ಕೆಳಗೂ ಕೇಳಬೇಕು. ದ್ರವ್ಯದ ಹೆಸರು, ಪ್ರಮಾಣ, ಹೊತ್ತು, ಬರೆದವರು ಯಾರು, ಕೊನೆಗೆ ನುಂಗಿದ್ದು ಯಾವಾಗ ಎಂದು ಬರೆದುಕೊಂಡು ಫಾರ್ಮಸಿಸ್ಟರಿಗೆ ತೋರಿಸಿದರೆ ಒಂದೇ ದ್ರವ್ಯದ ಎರಡು ಹೆಸರುಗಳು ಅಲ್ಲೇ ಸಿಕ್ಕಿಬೀಳುತ್ತವೆ. ವೈದ್ಯರು ಮುಂದುವರಿಸು, ಬದಲಿಸು, ನಿಲ್ಲಿಸು ಎಂದು ಗುರುತು ಹಾಕುತ್ತಾರೆ. ಬಹಳ ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತದೆ. ನಿಲ್ಲಿಸಿದ ಗುಳಿಗೆಯನ್ನು ಮನೆಯಿಂದ ಹೊರಗೆ ಒಯ್ಯದಿದ್ದರೆ, ದುಡ್ಡು ಕೊಟ್ಟು ತಂದದ್ದೆಂದು ಅದು ಮುಂದಿನ ವಾರ ಮತ್ತೆ ಹೊಟ್ಟೆ ಸೇರುತ್ತದೆ.

ಹಿನ್ನೆಲೆ: ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಅಮೆರಿಕದ ಜಾಯಿಂಟ್ ಕಮಿಷನ್ 2005ರಲ್ಲಿ ಔಷಧ ತಾಳೆಯನ್ನು ಆಸ್ಪತ್ರೆಗಳ ಸುರಕ್ಷತಾ ಗುರಿಗಳಲ್ಲಿ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2006ರ ಹೈ ಫೈವ್ಸ್ ಯೋಜನೆಯಲ್ಲಿ ಇದಕ್ಕೆ ಕಾರ್ಯವಿಧಾನ ರೂಪಿಸಿತು. 2017ರಲ್ಲಿ ‘ಹಾನಿಯಿಲ್ಲದ ಔಷಧೋಪಚಾರ’ ಎಂಬ ಜಾಗತಿಕ ಕರೆ ಕೊಟ್ಟಾಗ ಚಿಕಿತ್ಸೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಘಟ್ಟವನ್ನು ಮೂರು ಮುಖ್ಯ ಕ್ಷೇತ್ರಗಳಲ್ಲಿ ಒಂದೆಂದು ಗುರುತಿಸಿತು. ಭಾರತದಲ್ಲಿ ಫಾರ್ಮ್ ಡಿ ಪದವಿ 2008ರಲ್ಲಿ ಶುರುವಾಯಿತು. ಅದನ್ನು ಓದಿದವರು ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ಈ ಕೆಲಸ ಮಾಡುತ್ತಾರೆ. ಮನೆಯ ಬಾಗಿಲಿಗೆ ಬಂದದ್ದು ಕಡಿಮೆ.

ಓದುಗರು ಮಾಡಬಹುದಾದದ್ದೊಂದಿದೆ. ಅಂಗಡಿಯವರು ಹತ್ತು ಗುಳಿಗೆಗಳ ಸ್ಟ್ರಿಪ್‌ನಲ್ಲಿ ನಾಲ್ಕು ಕತ್ತರಿಸಿ ಕೊಟ್ಟಾಗ ಹೆಸರೂ ಅವಧಿಯೂ ಇರುವ ತುದಿ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಆ ಹೆಸರನ್ನು ಕವರಿನ ಮೇಲೆ ಬರೆಸಿಕೊಳ್ಳಿ. ದವಾಖಾನೆಗೆ ಹೋಗುವಾಗ ಚೀಟಿಯೊಂದನ್ನೇ ಅಲ್ಲ, ಚೀಲವನ್ನೂ ಒಯ್ಯಿರಿ.