ಜೋಕುಮಾರನ ರಕ್ತ, ಹೇಬೆಲನ ರಕ್ತ: ದುರಂತ ನಾಟಕವೊಂದರ ಪೀಠಿಕೆಯನ್ನು ಕುರಿತು

ದುರಂತ ನಾಟಕದ ಪೀಠಿಕೆಯು ಅನೇಕ ವೇಳೆ ಅಂತ್ಯವನ್ನು ಆರಂಭದಲ್ಲಿಯೇ ಅರುಹುತ್ತದೆ. ಗ್ರೀಕ್ ಕವಿ ಯೂರಿಪಿಡೀಸನ ‘ಹಿಪ್ಪೊಲಿಟಸ್’ ನಾಟಕದಲ್ಲಿ (ಕ್ರಿ.ಪೂ. 428) ಮೊದಲು ರಂಗಕ್ಕೆ ಬರುವ ಆಫ್ರೊಡೈಟಿ ದೇವತೆಯು ನಾಯಕನು ಅಂದೇ ಸಾಯುವನೆಂದು ಸಾರುತ್ತಾಳೆ. ಮುಂದೇನಾಗುವುದೆಂಬ ಕುತೂಹಲ ಅಲ್ಲಿಗೆ ತೀರಿ, ಈ ಸಾವು ಯಾರಿಂದ, ಏತಕ್ಕಾಗಿ ಎಂಬ ಪ್ರಶ್ನೆ ಪ್ರೇಕ್ಷಕನ ಪಾಲಿಗೆ ಉಳಿಯುತ್ತದೆ. ಕನ್ನಡದಲ್ಲಿ ಈ ಕ್ರಮದ ಉತ್ತಮ ನಿದರ್ಶನವನ್ನು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ (1972) ಕಾಣುತ್ತೇವೆ.

ತುಂಗಭದ್ರೆಯ ದಡದ ಕುಮಾರಪಟ್ಟಣದವರಿಗೂ ರಾಣೆಬೆನ್ನೂರು, ಬ್ಯಾಡಗಿ ಸೀಮೆಯವರಿಗೂ ಜೋಕುಮಾರನು ಅಪರಿಚಿತನಲ್ಲ. ಭಾದ್ರಪದದಲ್ಲಿ ಗಣೇಶ ಚೌತಿಯ ಬಳಿಕ ಹೆಣ್ಣುಮಕ್ಕಳು ಅವನ ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಸವರಿ, ಮಳೆ ಬೆಳೆಗಳ ಹಾಡು ಹೇಳುತ್ತ ಮನೆಮನೆಗೆ ಒಯ್ಯುತ್ತಾರೆ. ಏಳು ದಿನ ಕಳೆದರೆ ಅವನ ಆಯುಸ್ಸು ಮುಗಿಯಿತು. ಅವನು ಸಾಯಲೆಂದೇ ಬಂದವನೆಂಬುದನ್ನು ಊರೆಲ್ಲ ಬಲ್ಲದು.

ಕಂಬಾರರು ಈ ಅರಿವನ್ನೇ ನಾಟಕದ ಪೀಠಿಕೆಯಾಗಿಸಿದರು. ಬಯಲಾಟದ ಸಂಪ್ರದಾಯದಂತೆ ಮೊದಲ ಪೂಜೆ ಗಣಪತಿಗೆ ಸಲ್ಲಬೇಕು. ಇಲ್ಲಿ ಸೂತ್ರಧಾರನು ಅದನ್ನು ಜೋಕುಮಾರಸ್ವಾಮಿಗೆ ಸಲ್ಲಿಸಿ, ಅವನ ಹುಟ್ಟು, ಕಾಮ, ಕೊಲೆಗಳನ್ನೂ ಅವನ ರಕ್ತ ಬಿದ್ದೆಡೆ ನೆಲ ಹಸಿರಾದುದನ್ನೂ ಹೇಳುತ್ತಾನೆ. ಹೀಗೆ ಸೂತ್ರಧಾರ, ಹಿಮ್ಮೇಳ, ಹಾಡುಗಳ ರೂಪವೂ, ನೆಲ, ಫಲ, ಬಲಿಗಳೆಂಬ ವಸ್ತುವೂ ಒಟ್ಟಿಗೆ ಪ್ರೇಕ್ಷಕನ ಮುಂದೆ ಬರುತ್ತವೆ. ಬಳಿಕ ಗೌಡನಿಗೆ ಮಣಿಯದೆ ಹೊಲ ಉಳುವ ಬಸಣ್ಣನು ಕಾಣಿಸಿಕೊಂಡಾಗಲೇ ಅವನ ಅಂತ್ಯವನ್ನು ನಾವು ಊಹಿಸಬಲ್ಲೆವು. ಮಕ್ಕಳಿಲ್ಲದ ಗೌಡತಿ ಅವನಿಂದ ಬಸುರಾಗುತ್ತಾಳೆ. ಗೌಡನ ಕಡೆಯವರು ಅವನನ್ನು ಕೊಲ್ಲುತ್ತಾರೆ.

ಇಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳು ತುಸು ನಿಲ್ಲಬೇಕು. ರಕ್ತದಿಂದ ಹಸಿರು ಮೂಡಿತೆಂಬ ಮಾತು ಸಮಾಧಾನಕರವಾದುದು; ಆದರೆ ಅದೇ ಮಾತು ಕೊಂದವನ ಕೈಯನ್ನು ತೊಳೆಯಬಲ್ಲುದು. ಪೈರು ಬಂದ ಮೇಲೆ ಕೊಲೆಯ ಲೆಕ್ಕ ಕೇಳುವವರಾರು? ನಾಟಕವು ಈ ಮರೆವಿಗೆ ಒಪ್ಪುವುದಿಲ್ಲ. ಉಳುವವನೇ ಹೊಲದೊಡೆಯನೆಂಬ ಕೂಗು ನಾಡಿನಲ್ಲಿ ಎದ್ದಿದ್ದ ದಿನಗಳವು. ತಿದ್ದುಪಡಿಯಾದ ಭೂಸುಧಾರಣೆಯ ಕಾನೂನು ಜಾರಿಗೆ ಬಂದುದು 1974ರ ಮಾರ್ಚ್ 1ರಂದು. ಪೀಠಿಕೆಯು ಸಾವಿಗೆ ಹಬ್ಬದ ರೂಪವನ್ನು ಕೊಟ್ಟರೆ, ಕಥೆಯು ಅದಕ್ಕೆ ಕೊಲೆಗಾರನ ಹೆಸರನ್ನು ಕೊಡುತ್ತದೆ.

ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಹೊಲದಲ್ಲಿ ಬಿದ್ದ ಹೇಬೆಲನ ರಕ್ತವು ಹಸಿರಾಗುವುದಿಲ್ಲ, ಕೂಗುತ್ತದೆ. ಅದನ್ನು ಕುಡಿದ ಭೂಮಿ ಕಾಯಿನನಿಗೆ ಸಾರವನ್ನು ಕೊಡದು. ಯೋಹಾನನ ಸುವಾರ್ತೆಯ ಪೀಠಿಕೆಯೂ, ಬಂದಾತನನ್ನು ಸ್ವಜನರೇ ಅಂಗೀಕರಿಸಲಿಲ್ಲವೆಂದು ಮುಂಚಿತವಾಗಿ ಹೇಳಿ, ಶಿಲುಬೆಯ ನೆರಳನ್ನು ಮೊದಲ ಪುಟದಲ್ಲಿಯೇ ಚಾಚುತ್ತದೆ. ನೆಲಕ್ಕೆ ಬಿದ್ದು ಸತ್ತು ಫಲಕೊಡುವ ಗೋದಿಯ ಕಾಳಿನ ಮಾತು ಅದೇ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿದೆ. ಆದರೆ ಆ ಫಲದ ಹೆಸರಿನಲ್ಲಿ ಪಿಲಾತನು ನಿರ್ದೋಷಿಯಾಗುವುದಿಲ್ಲ. ಜೋಕುಮಾರನು ವರುಷ ವರುಷವೂ ಸಾಯಬೇಕು. ಕ್ರಿಸ್ತನು ಒಂದೇ ಸಾರಿ ತನ್ನನ್ನು ಅರ್ಪಿಸಿಕೊಂಡನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಬೋಧಿಸುತ್ತದೆ. ಆದುದರಿಂದ ಇನ್ನೊಬ್ಬ ಬಸಣ್ಣನ ರಕ್ತವನ್ನು ನೆಲಕ್ಕೆ ಅವಶ್ಯವೆಂದು ಹೇಳುವ ಅಧಿಕಾರ ನಮಗಿಲ್ಲ. ಶುಭ ಶುಕ್ರವಾರದ ಪೀಠದಿಂದ ಬೋಧಿಸುವವರು ಇದನ್ನು ನೆನೆಯುವುದು ಒಳಿತು.